ಆಚೆ ದಂಡೆಯವರನ್ನು ಏನೆಂದು ಕರೆಯುವುದು

ನಮ್ಮೂರಿನ ಯಾವ ಅಂಗಡಿಗೆ ಹೋದರೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರಲ್ಲಿ ಬೆಲ್ಲದ ಚೂರುಗಳು. ಮಾತಿನ ನಡುವೆ ಯಾರ ಬಾಯಾದರೂ ಕಹಿಯಾದರೆ ಇರಲಿ ಎಂದು ಇಟ್ಟಿರುತ್ತಾರೆ. ಒಂದು ಜನವನ್ನು ಕರೆಯುವ ಪದ ಕೆಟ್ಟುಹೋದರೆ, ಆಮೇಲೆ ಅದನ್ನು ಆಡಿದವರ ಬಾಯಿ ನಮ್ಮೂರಿನಲ್ಲಿ ಕಹಿಯಾಗುತ್ತದೆ. ಬೈಗುಳಕ್ಕೆ ಹಾಗಾಗುವುದಿಲ್ಲ. ಬೈಗುಳವನ್ನು ಬೆಳಗಿನಿಂದ ಸಂಜೆಯವರೆಗೆ ಬೈದರೂ ನಾಲಗೆಗೆ ಏನೂ ಆಗದು. ಜನದ ಹೆಸರಿಗೆ ಮಾತ್ರ ಈ ಗುಣ. ನಿನ್ನೆಯವರೆಗೆ ಸಪ್ಪೆಯಾಗಿದ್ದ ಪದ ಒಂದು ದಿನ ಒಗರಾಗುತ್ತದೆ, ಬರಬರುತ್ತಾ ಕಹಿಯಾಗುತ್ತದೆ. ಅದನ್ನು ಆಡಿದ ದಿನ ಊಟ ಸೇರುವುದಿಲ್ಲ, ಕಾಫಿ ಕಷಾಯದಂತಿರುತ್ತದೆ. ಯಾರನ್ನು ಕರೆಯಲು ಆ ಪದವಿದೆಯೋ ಅವರ ನಾಲಗೆಗೆ ಮಾತ್ರ ಅದು ಕಹಿಯಲ್ಲ. ಅವರಿಗೆ ಅದು ಬೇರೆ ಕಡೆ ತಾಗುತ್ತದೆ.

ಕಹಿಯನ್ನು ರೂಢಿ ಮಾಡಿಕೊಂಡವರೂ ಇದ್ದಾರೆ. ಹಾಗಲಕಾಯಿ ತಿಂದು ತಿಂದು ಅದರಲ್ಲೇ ರುಚಿ ಹತ್ತುವ ಹಾಗೆ ಅವರಿಗೆ ಆ ಪದಗಳ ರುಚಿ ಹತ್ತಿರುತ್ತದೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಕೆಟ್ಟ ಪದವನ್ನು ಮತ್ತೆ ಮತ್ತೆ ಅಂದು, ಮುಖವನ್ನು ಒಂದಿಷ್ಟೂ ಕಿವುಚದೆ ನಗುತ್ತಾರೆ. ಊರಿನವರು ಅಂಥವರನ್ನು ಗುರುತು ಹಿಡಿಯುವುದೇ ಹಾಗೆ. ಉಳಿದ ನಾವೆಲ್ಲ ನಾಲಗೆಯನ್ನು ನಂಬಿಕೊಂಡಿದ್ದೆವು. ಯಾವ ಪದ ಆಡಬೇಕು, ಯಾವುದನ್ನು ಬಿಡಬೇಕು ಎಂದು ಯಾರನ್ನೂ ಕೇಳುವ ಅಗತ್ಯ ನಮಗೆ ಬಂದಿರಲಿಲ್ಲ.

ಊರು ಹೊಳೆಯ ದಂಡೆಯ ಮೇಲಿದೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಆಚೆ ದಂಡೆಯಿಂದ ಒಂದಷ್ಟು ಜನ ದೋಣಿಗಳಲ್ಲಿ ಬಂದು ಕೆಳಬೀದಿಯಲ್ಲಿ ಮನೆ ಮಾಡಿದರು. ಅವರ ಮನೆಮಾತು ಬೇರೆ, ಹಬ್ಬಗಳು ಬೇರೆ. ಮೊದಲು ಅವರನ್ನು ಆಚೆಯವರು ಅನ್ನುತ್ತಿದ್ದರಂತೆ. ಬಾಯಿಂದ ಬಾಯಿಗೆ ಸವೆದು ಅದು ಆಚಿಗರು ಆಯಿತು. ಆ ಪದ ಒಗರಾಗುತ್ತಿದೆ ಎಂದು ತಿಳಿದಾಗ ಪುರಸಭೆಯವರು ಸಭೆ ಸೇರಿ ಪರತೀರವಾಸಿಗಳು ಎಂಬ ಪದ ಹುಡುಕಿದರು. ಎಲೆಅಡಿಕೆ ಹಾಕಿಕೊಂಡ ಬಾಯಲ್ಲಿ ಅದು ಹೊರಳುತ್ತಿರಲಿಲ್ಲ. ಸಂತೆಯಲ್ಲಿ ಜನ ಅದನ್ನು ಕತ್ತರಿಸಿ ಪರ್ತಿ ಮಾಡಿದರು. ಪರ್ತಿ ಎಂಬುದು ಒಂದೇ ಮಳೆಗಾಲದಲ್ಲಿ ಎಷ್ಟು ಕಹಿಯಾಯಿತೆಂದರೆ ಪುರಸಭೆಯವರು ಪೂರ್ತಿ ಪದ ಬರೆಸಿ ಹಾಕಿದ್ದ ಬೋರ್ಡನ್ನೂ ಓದಿ ಹೇಳಲು ಯಾರೂ ಒಪ್ಪದೆ ಅದನ್ನು ಕಿತ್ತುಹಾಕಬೇಕಾಯಿತು. ಜನ ಮತ್ತೆ ಆಚಿಗರು ಎಂಬುದಕ್ಕೇ ಮರಳಿದರು.

ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಚೆನ್ನಿಗಪ್ಪ ಅದನ್ನು ಕಟ್ಟಿದವರು, ಈಗ ನಡೆಸುವವಳು ನಾನು, ಜಲಜಾಕ್ಷಿ. ಅಮ್ಮ ತೀರಿಕೊಂಡು ಬಹಳ ಕಾಲವಾಯಿತು. ತಮ್ಮ ಗಿರಿಧರ ಸೇತುವೆ ದಾಟಿ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಅಪ್ಪನಿಗೆ ಒಂದು ಕೆಟ್ಟ ಜ್ವರ ಬಂದು ವರ್ಷದ ಮೇಲೆ ಹಾಸಿಗೆ ಹಿಡಿದಿದ್ದರು. ಜ್ವರ ಬಿಟ್ಟಿತು, ಕೈಕಾಲಿಗೆ ಶಕ್ತಿ ಬಂತು, ನಾಲಗೆಯ ರುಚಿ ಮಾತ್ರ ಹೋದದ್ದು ಹೋಯಿತು. ಪಾಯಸ ಬಡಿಸಿದರೂ ಮೆಂತ್ಯದ ನೀರು ಕೊಟ್ಟರೂ ಅವರಿಗೆ ಒಂದೇ. "ಬಿಸಿಯಾಗಿದೆಯಾ ತಣ್ಣಗಿದೆಯಾ ಅಷ್ಟು ಗೊತ್ತಾಗುತ್ತೆ, ಸಾಕು," ಅನ್ನುತ್ತಿದ್ದರು. ಮನೆಯ ಊಟದ ವಿಷಯವೆಂದುಕೊಂಡು ನಾವೂ ಸುಮ್ಮನಿದ್ದೆವು. ಅದರಿಂದ ಬೇರೇನಾದರೂ ಆಗಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅಪ್ಪ ಹಾಸಿಗೆ ಹಿಡಿದಿದ್ದ ಆ ವರ್ಷವೇ ಸೇತುವೆಯ ಬುಡದ ಅಂಗಡಿಗಳ ಜಗಳವಾಯಿತು. ಹೊಸ ಸೇತುವೆಯ ಪಕ್ಕ ಯಾರು ಅಂಗಡಿ ಹಾಕಬೇಕೆಂಬ ಮಾತಿಗೆ ಶುರುವಾಗಿ, ಕೆಳಬೀದಿಯವರ ತಳ್ಳುಗಾಡಿಗಳನ್ನು ಹೊಳೆಗೆ ನೂಕುವವರೆಗೂ ಹೋಯಿತು. ನೂಕಿದವರು ಆಚಿಗ, ಆಚಿಗ ಎಂದು ಕೂಗಿಕೊಂಡೇ ನೂಕಿದರು. ಮಾರನೆಯ ಬೆಳಿಗ್ಗೆ ಊರಿಗೆ ಊರೇ ಬಾಯಿ ಮುಕ್ಕಳಿಸುತ್ತಿತ್ತು. ಅಲ್ಲಿಯವರೆಗೆ ಬರೀ ಒಗರಾಗಿದ್ದ ಪದ ರಾತ್ರಿ ಕಳೆಯುವುದರೊಳಗೆ ಬೇವಿನಂತಾಗಿತ್ತು. ಅಪ್ಪ ಜ್ವರದ ಅಮಲಿನಲ್ಲಿದ್ದರು. ಅವರಿಗೆ ಜಗಳದ ಸುದ್ದಿಯನ್ನು ಆಮೇಲೆ ಹೇಳಿದೆವು, ಪದದ ಸುದ್ದಿಯನ್ನು ಹೇಳಲಿಲ್ಲ. ಅಂಥದ್ದನ್ನು ಹೇಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ.

ಗಿರಿಧರ ಮದುವೆಯಾಗುತ್ತೇನೆಂದು ಹೇಳಿದ ಹುಡುಗಿ ಮಿಂಚಲೆ ಕೆಳಬೀದಿಯವಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್, ದಿನಾ ಅವನ ಬಸ್ಸಿನಲ್ಲೇ ಓಡಾಡುವವಳು. ತಂದೆತಾಯಿ ಇಲ್ಲ. ಅಜ್ಜಿ ಹೊನ್ನಲೆ, ಅಣ್ಣ ಕಂದರ, ಇಷ್ಟೇ ಅವಳ ಮನೆ. ಕಂದರನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಹೊಳೆಗೆ ಬಿದ್ದ ಗಾಡಿಗಳಲ್ಲಿ ಒಂದು ಅವನ ಸ್ನೇಹಿತನದು. ಆಮೇಲೆ ಕೆಳಬೀದಿಯ ಹುಡುಗರನ್ನೆಲ್ಲ ಕೂಡಿಸಿ, ಇನ್ನು ಮೇಲೆ ನಮ್ಮನ್ನು ಮೂಡಲದವರು ಅನ್ನಿ ಎಂದು ಊರಿಗೆ ಹೇಳಿದವನೂ ಅವನೇ. ಆಚೆ ದಂಡೆ ನಮಗೆ ಪೂರ್ವಕ್ಕಿದೆ.

ಅಪ್ಪ ಈ ಸಂಬಂಧಕ್ಕೆ ಏನೆನ್ನುತ್ತಾರೋ ಎಂದು ಗಿರಿಧರ ಹೆದರಿದ್ದ. ಅವರು ಕೇಳಿ ಖುಷಿಪಟ್ಟರು. ಗಿರಣಿಯಲ್ಲಿ ಅವರ ಜೊತೆ ಮೂಟೆ ಇಳಿಸುತ್ತಿದ್ದ ತುಂಬಲ ಎಂಬುವನು ಕೆಳಬೀದಿಯವನೇ. ಇಬ್ಬರೂ ಒಂದೇ ಬುತ್ತಿಯಿಂದ ಊಟ ಮಾಡಿದವರು. ತುಂಬಲ ಸತ್ತಾಗ ಅಪ್ಪ ಗಿರಣಿಗೆ ಬೀಗ ಹಾಕಿ ಮಣ್ಣಿಗೆ ಹೋಗಿದ್ದರು.

ಹುಡುಗಿಯ ಕಡೆಯವರು ಮಾತುಕತೆಗೆ ನಮ್ಮ ಮನೆಗೆ ಬಂದ ದಿನ ಎಲ್ಲ ಚೆನ್ನಾಗಿಯೇ ಇತ್ತು. ಹೊನ್ನಲೆಯಜ್ಜಿ ನಾನು ಮಾಡಿದ ಕೋಡುಬಳೆಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಕಂದರ ಬಿಗಿಯಾಗಿ ಕೂತಿದ್ದರೂ ಕಾಫಿ ಲೋಟ ಕೈಗೆ ತೆಗೆದುಕೊಂಡಿದ್ದ. ಅಪ್ಪ ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಮನಸ್ಸು ತುಂಬಿ ಹೇಳಿದರು.

"ನೋಡಿ, ನನ್ನ ಜೀವದ ಗೆಳೆಯ ತುಂಬಲನೂ ಆಚಿಗನೇ. ಆಚಿಗರ ಹುಡುಗಿ ಈ ಮನೆಗೆ ಬರ್ತಾಳೆ ಅಂದ್ರೆ ನನಗಿಂತ ಸಂತೋಷ ಪಡೋರು ಯಾರಿದಾರೆ."

ಎಲ್ಲರ ಕಣ್ಣು ಅಪ್ಪನ ಮುಖದ ಮೇಲಿತ್ತು. ಬಾಯಿ ಕಿವುಚಿಕೊಂಡು, ಅಯ್ಯೋ ತಪ್ಪಾಯ್ತು ಎಂದು ನೀರು ಕೇಳುತ್ತಾರೆ ಎಂದು ಕಾದರು. ಅಪ್ಪ ನಗುತ್ತಲೇ ಇದ್ದರು. ಹಲ್ಲು ಕಾಣುವ ಹಾಗೆ, ಬಾಯಿತುಂಬ ನಗು. ಆ ನಗುವನ್ನು ಕಂದರ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಎಷ್ಟು ಸಲ ನೋಡಿದ್ದನೋ. ಅವನು ಲೋಟವನ್ನು ನೆಲಕ್ಕಿಟ್ಟು ಎದ್ದ.

"ಅಜ್ಜಿ, ಏಳು. ಹೋಗೋಣ."

"ಕೂತ್ಕೊಳ್ಳಪ್ಪಾ, ಏನಾಯ್ತು?" ಅಂದರು ಅಪ್ಪ.

"ನಿಮಗೆ ರೂಢಿಯಾಗಿದೆ ಅಂತ ಗೊತ್ತಾಯ್ತು ಯಜಮಾನ್ರೇ. ನಮಗೆ ಇನ್ನೂ ಆಗಿಲ್ಲ."

ಮಿಂಚಲೆ ಗಿರಿಧರನ ಕಡೆ ನೋಡಲಿಲ್ಲ. ಅಜ್ಜಿಯ ತೋಳು ಹಿಡಿದುಕೊಂಡು ಮೆಟ್ಟಿಲಿಳಿದಳು. ನಾನು ಹಿಂದೆಯೇ ಓಡಿ, ಅಪ್ಪನಿಗೆ ರುಚಿ ಹೋಗಿದೆ, ಜ್ವರದಿಂದ ಎಂದೆಲ್ಲ ಹೇಳಿದೆ. ಕಂದರ ತಿರುಗದೆಯೇ, "ಎಲ್ಲರೂ ಹಾಗೇ ಹೇಳೋದು," ಅಂದ. ಅದು ನಿಜ. ಕಟ್ಟೆಯ ಮೇಲಿನವರು ಸಿಕ್ಕಿಬಿದ್ದಾಗ, ನೆಗಡಿಯಾಗಿತ್ತು, ನಾಲಗೆ ಸುಟ್ಟಿತ್ತು ಎಂದೇ ಹೇಳುವುದು.

ಗಿರಿಧರ ಆ ದಿನ ಅಪ್ಪನ ಜೊತೆ ಮಾತು ಬಿಟ್ಟ. ನಾನು ಅಪ್ಪನ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದೆ. ಅವರು ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ತುಂಬಲನ್ನ ನಾನು ಹಾಗೇ ಕರೀತಿದ್ದದ್ದು. ಏ ಆಚಿಗಾ ಬಾರೋ ಊಟಕ್ಕೆ ಅಂತ. ಅವಾಗ ಕಹಿ ಇರಲಿಲ್ಲ ಜಲಜಾ," ಅಂದರು.

"ಒಗರಿತ್ತು ಅಪ್ಪ. ನನಗೇ ಗೊತ್ತಾಗ್ತಿತ್ತು."

"ನನ್ನ ಬಾಯಲ್ಲಿ ಎಲೆಅಡಿಕೆ ಇರ್ತಿತ್ತು ಯಾವಾಗಲೂ. ಅದರ ಒಗರೋ ಇದರ ಒಗರೋ, ನಾನು ನೋಡಲಿಲ್ಲ."

ನಮ್ಮ ಕಡೆ ನಿಶ್ಚಯದ ದಿನ ಹೆಸರಾಡುವ ಶಾಸ್ತ್ರವಿದೆ. ಎರಡೂ ಮನೆಯ ಹಿರಿಯರು ಎದುರುಬದುರು ನಿಂತು, ಇಂಥ ಜನದ ಮಗಳು ನಮ್ಮ ಮನೆಗೆ ಬರುತ್ತಿದ್ದಾಳೆ, ಇಂಥ ಜನದ ಮನೆಗೆ ನಮ್ಮ ಮಗಳು ಹೋಗುತ್ತಿದ್ದಾಳೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಒಂದೇ ಜನದೊಳಗಿನ ಮದುವೆಯಾದರೆ ನಮ್ಮವರೇ ಎಂದುಬಿಡುತ್ತಾರೆ, ಮುಗಿಯಿತು. ಇಲ್ಲಿ ಹಾಗಾಗುವಂತಿರಲಿಲ್ಲ. ಮದುವೆ ನಡೆಯಬೇಕಾದರೆ ಅಪ್ಪನ ಬಾಯಿಂದ ಒಂದು ಪದ ಬರಲೇಬೇಕು, ಮತ್ತು ಅಪ್ಪನ ನಾಲಗೆ ಅವರಿಗೆ ಏನನ್ನೂ ಹೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. "ಕೆಳಬೀದಿಗೆ ಹೋಗಿಬರೋಣ ಬಾ."

"ಏನಂತ ಹೇಳ್ತೀರಿ ಅಲ್ಲಿ?"

"ಹೇಳೋದಕ್ಕಲ್ಲ. ಕೇಳೋದಕ್ಕೆ."

ಹೊನ್ನಲೆಯಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಕೊಟ್ಟರು. ಕಂದರ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತ. ಅಪ್ಪ ಸುತ್ತುಬಳಸಲಿಲ್ಲ.

"ನನಗೆ ನಾಲಗೆ ಸತ್ತುಹೋಗಿದೆ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನಿಮ್ಮನ್ನ ಏನಂತ ಕರೀಬೇಕು ಅಂತ ನನಗೆ ಗೊತ್ತಿಲ್ಲ. ಹೇಳಿಕೊಡಿ, ಹಾಗೇ ಅಂತೀನಿ."

ಕಂದರ ಅಂಗಡಿಯ ಬೀಗದಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. ಈ ಪ್ರಶ್ನೆಯನ್ನು ಯಾರಾದರೂ ತನ್ನ ಮನೆ ಬಾಗಿಲಿಗೆ ಬಂದು ಕೇಳುತ್ತಾರೆಂದು ಅವನು ಎಣಿಸಿರಲಿಲ್ಲವೆಂದು ತೋರಿತು. ಬೈದರೆ ತಿರುಗಿ ಬೈಯಲು ಅವನ ಹತ್ತಿರ ಮಾತಿತ್ತು. ಕೇಳಿದರೆ ಏನು ಮಾಡುವುದು? ಕೊನೆಗೆ, "ಮೂಡಲದವರು. ಊರಿಗೆಲ್ಲ ಹೇಳಿದೀವಲ್ಲ," ಅಂದ.

ಹೊನ್ನಲೆಯಜ್ಜಿ ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. "ಮೂಡಲ ಅಂದ್ರೆ ಇವರಿಗೆ ಮೂಡಲ ಕಣೋ. ನಮ್ಮಜ್ಜಿ ಅಲ್ಲಿದ್ದಾಗ ಅದು ಅವಳ ಊರು, ಅಷ್ಟೇ. ಇವರ ಊರು ಅವಳಿಗೆ ಪಡುವಲ. ಇವರು ನಿಂತ ಕಡೆಯಿಂದ ನೋಡಿ ನಿನಗೆ ನೀನೇ ಹೆಸರಿಟ್ಟುಕೊಂಡೆ. ನನಗೆ ಆಚಿಗರು ಅಂದ್ರೇನೇ ಸಲೀಸು. ಹುಟ್ಟಿದಾಗಿಂದ ಕೇಳಿದೀನಿ."

"ಗಾಡಿ ನೂಕಿದಾಗ ನೀನಿರಲಿಲ್ಲ ಅಜ್ಜಿ ಅಲ್ಲಿ. ನಾನಿದ್ದೆ."

"ಇರಲಿಲ್ಲ. ಆದ್ರೆ ಅವರು ಕೂಗಿದ್ರು ಅಂತ ನಮ್ಮ ಪದ ಅವರಿಗೆ ಬಿಟ್ಟುಕೊಡಬೇಕಾ?"

"ಅದು ನಮ್ಮದಲ್ಲವೇ ಅಲ್ಲ. ಅವರು ಇಟ್ಟಿದ್ದು."

"ಮತ್ತೆ ನಮ್ಮ ಮಾತಿನಲ್ಲಿ ನಮಗೆ ಏನಂತಾರೆ?" ಮಿಂಚಲೆ ಒಳಗಿನಿಂದ ಬಂದು ಕೇಳಿದಳು.

ಅಜ್ಜಿ ಯೋಚಿಸಿದರು. "ಏನೂ ಅನ್ನಲ್ಲ. ನಾವು ಅಂತೀವಿ. ಅಲ್ಲಿ ಇದ್ದವರೆಲ್ಲ ನಾವೇ ಆದಾಗ ಹೆಸರು ಯಾಕೆ ಬೇಕು? ಹೊಳೆ ದಾಟಿದ ಮೇಲೆ ತಾನೇ ಬೇಕಾಗಿದ್ದು."

ಅಪ್ಪ ತಲೆತಗ್ಗಿಸಿ ಕೇಳುತ್ತಿದ್ದರು. ಅವರ ಮನಸ್ಸಿನಲ್ಲಿ ಬೇರೇನೋ ಇತ್ತು. "ತುಂಬಲ ನಿಮಗೆ ಗೊತ್ತಿದ್ದನಾ ತಾಯಿ?"

"ನಮ್ಮ ಯಜಮಾನರ ಚಿಕ್ಕಪ್ಪನ ಮಗ."

"ನಾನು ಹಾಗೆ ಕರೀತಿದ್ದದ್ದು ಅವನಿಗೆ ಬೇಜಾರಿತ್ತಾ?"

"ನೀವು ಅವನನ್ನ ಕೇಳಿರಲಿಲ್ವಾ?"

"ಇಲ್ಲ."

ಅಜ್ಜಿ ಮೊರದ ಕಾಳನ್ನು ಒಂದು ಕಡೆಗೆ ಸರಿಸುತ್ತಾ ಹೇಳಿದರು. "ಗಿರಣಿ ಅಯ್ಯನ ಬಾಯಲ್ಲಿ ಕೇಳಿದ್ರೆ ಏನೂ ಅನ್ನಿಸಲ್ಲ ಅಂತಿದ್ದ. ಆದ್ರೆ ಅಯ್ಯ ಕರೆದದ್ದು ಕೇಳಿ, ಹಿಟ್ಟು ಬೀಸಿಸೋಕೆ ಬಂದೋರೆಲ್ಲ ಹಾಗೇ ಕರೀತಾರೆ, ಅದು ಮಾತ್ರ ಆಗಲ್ಲ ಅಂತಿದ್ದ."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಬಿಸಿಲೇನೂ ಇರಲಿಲ್ಲ. ಕಂದರ ಬಾಗಿಲು ಬಿಟ್ಟು ಬಂದು ಜಗಲಿಯ ಮೇಲೆ ಕೂತ. ಅಜ್ಜಿ ಅವನ ಕಡೆ ನೋಡಿ, "ಇವನು ಹೇಳಿದ ಹಾಗೇ ಅನ್ನಿ ಅಯ್ಯಾ. ಬೀದೀಲಿ ಓಡಾಡಿ ಕೇಳಿಸಿಕೊಳ್ಳಬೇಕಾದವನು ಅವನು. ನನ್ನ ಕಿವಿ ಮಂದವಾಯ್ತು," ಅಂದರು. ಆಮೇಲೆ ಮತ್ತೊಂದು ಕಾಯಿ ಕೈಗೆತ್ತಿಕೊಂಡು ಕೇಳಿದರು. "ಹೆಸರು ನಾನೂ ಆಡಬೇಕಲ್ಲ ಅವತ್ತು. ನಿಮ್ಮನ್ನ ಏನನ್ನಲಿ?"

ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಮ್ಮನ್ನಾ? ಊರವರು ಅನ್ನಿ."

"ನಾವೂ ಊರವರೇ," ಅಂದ ಕಂದರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಹುಟ್ಟಿದ್ದು ಇದೇ ಮನೇಲಿ."

ಹೌದಲ್ಲ. ಅಪ್ಪ ನನ್ನ ಮುಖ ನೋಡಿದರು. "ಇಷ್ಟು ದಿನ ಏನಂತಿದ್ರಿ ನಮ್ಮನ್ನ?" ಎಂದು ಅಪ್ಪ ಕೇಳಿದರು.

"ಅಜ್ಜಿ, ಬೇಡ," ಅಂದಳು ಮಿಂಚಲೆ.

"ಕೇಳ್ತಿದಾರೆ, ಹೇಳಬೇಕು." ಅಜ್ಜಿ ಪಕ್ಕದ ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡರು. "ಒಣಗಾಲರು." ಹೇಳಿದ ಕೂಡಲೇ ಅವರ ಮುಖ ಕಿವುಚಿಕೊಂಡಿತು. ಎರಡು ಗುಟುಕು ನೀರು ಕುಡಿದರು. "ಬಹಳ ಹಿಂದೆಯೇ ಕಹಿಯಾಗಿದೆ. ಆದ್ರೂ ಅಂತೀವಿ, ಒಲೆ ಮುಂದೆ ಕೂತಾಗ. ನಮ್ಮೋರು ದೋಣೀನ ದಡಕ್ಕೆ ಎಳೆಯಲಾಗದೆ ಒದ್ದಾಡ್ತಿದ್ರೆ ನಿಮ್ಮೋರು ಮೇಲೆ ನಿಂತು ನೋಡ್ತಿದ್ರಂತೆ. ಒಬ್ಬರೂ ನೀರಿಗಿಳಿದು ಕಾಲು ಒದ್ದೆ ಮಾಡ್ಕೊಳ್ಳಲಿಲ್ಲವಂತೆ."

ಕಂದರ ನೆಲ ನೋಡುತ್ತಿದ್ದ. ಅವನೂ ಆ ಪದ ಅಂದಿದ್ದಾನೆ, ಮನೆಯೊಳಗೆ ಬೆಲ್ಲ ಮೆಲ್ಲುತ್ತಾ ಅಂದಿದ್ದಾನೆ ಎಂದು ಅವನ ಮುಖವೇ ಹೇಳುತ್ತಿತ್ತು. ಇಷ್ಟು ವರ್ಷ ನಮಗೊಂದು ಹೆಸರಿದೆಯೆಂದೇ ನನಗೆ ತಿಳಿದಿರಲಿಲ್ಲ. ಹೆಸರಿರುವುದು ಬೇರೆಯವರಿಗೆ, ನಾವು ಬರೀ ಜನ, ಎಂದುಕೊಂಡಿದ್ದೆ. ನಾನು ಯಾವ ದೋಣಿಯನ್ನೂ ನೋಡುತ್ತಾ ನಿಂತವಳಲ್ಲ, ನನ್ನ ಕಾಲು ಹೇಗಿದೆಯೆಂದು ಇವರಿಗೇನು ಗೊತ್ತು ಎಂದು ಜಗಳಾಡಬೇಕೆನ್ನಿಸಿತು. ಹಾಗೆನ್ನಿಸಿದ ಮರುಕ್ಷಣವೇ ಮಿಂಚಲೆಯ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಗಾಡಿ ನೂಕಿದವರ ಕೂಗನ್ನು ಕೇಳಿಸಿಕೊಂಡು, ನಾನು ಯಾರ ಜಾಗವನ್ನೂ ಕಿತ್ತುಕೊಂಡವಳಲ್ಲ ಎಂದು ಹೇಳಲಾಗದೆ ಅವಳು ಬಸ್ಸಿನಲ್ಲಿ ಎಷ್ಟು ದಿನ ಕೂತಿದ್ದಳೋ.

"ನಮ್ಮ ಹೆಸರಿನ ವಿಷಯ ಯೋಚನೆ ಮಾಡಿ ಹೇಳ್ತೀನಿ ತಾಯಿ," ಎಂದು ಅಪ್ಪ ಎದ್ದರು. ಕಂದರ ಬೀದಿಯ ಕೊನೆಯವರೆಗೆ ನಮ್ಮ ಜೊತೆ ಬಂದ. ಗುಂಡಿ ಇರುವ ಕಡೆ ಅಪ್ಪನ ಮೊಣಕೈ ಹಿಡಿದುಕೊಂಡ. ದಾರಿಯಲ್ಲಿ ನಾನು ಒಣಗಾಲರು ಎಂದು ಮೆಲ್ಲನೆ ಅಂದು ನೋಡಿದೆ. ನನ್ನ ನಾಲಗೆಗೆ ಏನೂ ಆಗಲಿಲ್ಲ. ನಮ್ಮ ಪದ, ಎಷ್ಟು ಕೆಟ್ಟಿದ್ದರೂ ನನಗೆ ಹೇಗೆ ಗೊತ್ತಾಗಬೇಕು?

ಹೆಸರು ಹುಡುಕುವುದು ಸುಲಭವಾಗಲಿಲ್ಲ. ಗಿರಿಧರ ಅಪ್ಪನ ಜೊತೆ ಮತ್ತೆ ಮಾತು ಶುರುಮಾಡಿದ್ದೇ ಇದರಿಂದ. ಮೇಲಿನ ಬೀದಿಯವರು ಅನ್ನೋಣ ಅಂದ. ಮೇಲಿನವರು ಎಂದು ನಮಗೆ ನಾವೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದೆ ನಾನು. ಮೊದಲಿನಿಂದ ಇದ್ದವರು ಅನ್ನೋಣವೆಂದರೆ, ನಮ್ಮ ಮುತ್ತಜ್ಜನಿಗಿಂತ ಮುಂಚೆ ಇಲ್ಲಿ ಯಾರಿದ್ದರೋ ಯಾರಿಗೆ ಗೊತ್ತು ಎಂದರು ಅಪ್ಪ. ಗಿರಣಿಗೆ ಬಂದ ನೆಂಟರು, ನಮಗ್ಯಾಕೆ ಹೆಸರು, ಆ ಜನಕ್ಕೆ ಇದ್ದರೆ ಸಾಲದೇ ಎಂದು ಮುಖ ಸಿಂಡರಿಸಿ ಹೋದರು. ನಿಶ್ಚಯದ ಹಿಂದಿನ ದಿನ ಅಪ್ಪ ಒಬ್ಬರೇ ಕೆಳಬೀದಿಗೆ ಹೋಗಿಬಂದರು. ಏನು ಹೇಳಿಬಂದಿರೆಂದು ಕೇಳಿದರೆ, "ನಾಳೆ ಕೇಳಿಸಿಕೊಳ್ಳಿ," ಅಂದರು.

ಮರುದಿನ ನಮ್ಮ ಮನೆಯ ಅಂಗಳದಲ್ಲಿ ಎರಡೂ ಕಡೆಯವರು ಸೇರಿದ್ದರು. ಅಪ್ಪ ಹೊಸ ಪಂಚೆಯುಟ್ಟು ಮುಂದೆ ಬಂದರು. ಕಂದರ ಕೈಕಟ್ಟಿ ನಿಂತಿದ್ದ. ಅಪ್ಪ ಒಂದೊಂದೇ ಅಕ್ಷರವನ್ನು ತೂಗಿ ಇಟ್ಟ ಹಾಗೆ, "ಮೂಡಲದವರ ಮಗಳು ಮಿಂಚಲೆ ನಮ್ಮ ಮನೆಗೆ ಬರ್ತಿದಾಳೆ," ಅಂದರು. ಅಂದು ಕಂದರನ ಕಡೆ ನೋಡಿದರು, ಸರಿಯಾಯಿತೇ ಎಂಬಂತೆ. ಅವನು ತಲೆಯಾಡಿಸಿದ.

ಹೊನ್ನಲೆಯಜ್ಜಿ ಕೋಲೂರಿಕೊಂಡು ಎದುರಿಗೆ ನಿಂತರು. "ಪಡುವಲದವರ ಮನೆಗೆ ನಮ್ಮ ಮಗಳು ಹೋಗ್ತಿದಾಳೆ."

ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಡುವಲ ಯಾವುದಕ್ಕೆ, ನಾವು ಇಲ್ಲೇ ಇದ್ದೇವಲ್ಲ ಎಂದು ಯಾರೋ ಗೊಣಗಿದರು. ಆಚೆ ದಂಡೆಯಲ್ಲಿ ನಿಂತು ನೋಡಿದರೆ ನಾವು ಪಡುವಲದಲ್ಲೇ ಇರುವುದೆಂದು ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಪ್ಪ ಮನಸ್ಸಿನಲ್ಲೇ ಅಲ್ಲಿಗೆ ಹೋಗಿ ನಿಂತು ನೋಡಿಬಂದಿದ್ದರು. ಅಜ್ಜಿ ಪದ ಹೇಳಿ ಮುಗಿಸಿ ನಾಲಗೆಯನ್ನು ಒಮ್ಮೆ ಬಾಯೊಳಗೆ ಹೊರಳಿಸಿ ನೋಡಿಕೊಂಡರು. ಮುಖ ಕಿವುಚಲಿಲ್ಲ. "ಹೊಸ ಅಕ್ಕಿ ಅನ್ನದ ಹಾಗಿದೆ, ಏನೂ ರುಚಿಯಿಲ್ಲ," ಅಂದರು. ಎಲ್ಲರೂ ನಕ್ಕರು. ಕಂದರನೂ ನಕ್ಕ.

ಮದುವೆಯಾಗಿ ಮಿಂಚಲೆ ನಮ್ಮ ಮನೆಗೆ ಬಂದಳು. ಮೂಡಲದವರು, ಪಡುವಲದವರು ಎಂಬ ಜೋಡಿ ಪದ ಊರಿನಲ್ಲಿ ಓಡಾಡತೊಡಗಿತು. ಸೇತುವೆಯ ಬುಡದಲ್ಲಿ ಅಂಗಡಿಗಳನ್ನು ಮತ್ತೆ ಹಂಚುವಾಗ ಪುರಸಭೆಯವರೂ ಅದನ್ನೇ ಬಳಸಿದರು. ಜಗಳಗಳೇನೂ ನಿಲ್ಲಲಿಲ್ಲ. ಆದರೆ ಯಾರಾದರೂ ಮೂಡಲದವರು ಅಂದರೆ, ನೀನೋ ಪಡುವಲದವನು ಎಂದು ಉತ್ತರ ಬರುತ್ತಿತ್ತು. ಕೇಳಿದವರು ಒಂದು ಗಳಿಗೆ ತಡವರಿಸುತ್ತಿದ್ದರು.

ಒಂದು ದಿನ ಸಂತೆಯಲ್ಲಿ ನಾನು ಬದನೆಕಾಯಿ ಆರಿಸುತ್ತಿದ್ದೆ. ಚೌಕಾಸಿಯ ಮಾತಿಗೆ ಕೆಳಬೀದಿಯ ತರಕಾರಿಯವನಿಗೂ ನಮ್ಮವನೊಬ್ಬನಿಗೂ ಜೋರಾಯಿತು. ತರಕಾರಿಯವನು ತನ್ನ ಗುಡ್ಡೆಯಿಂದ ಉದ್ದನೆಯ ಪಡವಲಕಾಯಿಯೊಂದನ್ನು ಎತ್ತಿ ಅವನ ಮುಖದ ಮುಂದೆ ತೂಗಾಡಿಸಿ, "ತಗೋ, ನಿನ್ನ ಅಣ್ಣ," ಅಂದ. ಸುತ್ತಲಿದ್ದವರು ಗೊಳ್ಳೆಂದರು. ಯಾರೋ ಹಿಂದಿನಿಂದ, "ಏಯ್ ಪಡುವಲಾ," ಎಂದು ಕೂಗಿದರು. ಅದು ನನ್ನನ್ನು ಕೂಗಿದ್ದಲ್ಲ. ಆದರೂ ನಾನು ಬದನೆಕಾಯಿ ಬಿಟ್ಟು ಮನೆಗೆ ಬಂದೆ.

ಮಿಂಚಲೆ ಶಾಲೆಯಿಂದ ಬಂದು ಗಿರಣಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಪ್ಪ ಅಲ್ಲೇ ಚಾಪೆಯ ಮೇಲಿದ್ದರು. ಸಂತೆಯ ವಿಷಯ ಹೇಳಿ, "ನಮ್ಮ ಹೆಸರು ಒಂದು ಸಲ ಅನ್ನು ನೋಡೋಣ," ಅಂದೆ. ಅವಳು ಜರಡಿ ನಿಲ್ಲಿಸಿದಳು.

"ಪಡುವಲದವರು." ನಾಲಗೆಯನ್ನು ಅಂಗುಳಕ್ಕೆ ಒತ್ತಿ ಕಾದಳು. "ಏನೂ ಇಲ್ಲ ಅಕ್ಕ."

"ಮೊಟಕು ಮಾಡಿ ಅನ್ನು."

ಅವಳಿಗೆ ಮನಸ್ಸಿರಲಿಲ್ಲ. ಅಪ್ಪ, "ಅನ್ನಮ್ಮಾ, ನಾವೇ ಕೇಳ್ತಿರೋದು," ಅಂದ ಮೇಲೆ ಮೆಲ್ಲನೆ, "ಪಡುವಲ," ಅಂದಳು. ಹುಬ್ಬು ಸ್ವಲ್ಪ ಗಂಟಿಕ್ಕಿತು. "ಒಗರು. ಎಳೆ ಹೀಚು ಕಚ್ಚಿದ ಹಾಗೆ."

"ಶುರುವಾಯ್ತು," ಅಂದರು ಅಪ್ಪ. ಅವರ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. "ಅವರದು ಹೇಗಿದೆ ನೋಡು ಜಲಜಾ."

ನಾನು ಮೂಡಲದವರು ಅಂದೆ. ಸಪ್ಪೆಯಾಗಿತ್ತು. ಹಾಗೆಂದು ಮಿಂಚಲೆಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, ನಿಜ ಹೇಳುತ್ತಿದ್ದೇನೆಂದು ಗೊತ್ತಾದ ಮೇಲೆ, ಜರಡಿಯನ್ನು ಮತ್ತೆ ಕೈಗೆತ್ತಿಕೊಂಡಳು.

"ಆಗಾಗ ನೋಡ್ತಾ ಇರೋಣ ಅಕ್ಕ. ನಮ್ಮದು ನಮಗೆ ಗೊತ್ತಾಗಲ್ಲ."

ಅಂದಿನಿಂದ ಸಂಜೆ ಇಬ್ಬರೂ ಹಿಟ್ಟಿನ ಮುಂದೆ ಕೂತಾಗ ನಾನು ಅವಳ ಜನದ ಹೆಸರನ್ನು ಒಮ್ಮೆ ಹೇಳುತ್ತೇನೆ, ಅವಳು ನನ್ನ ಜನದ ಹೆಸರನ್ನು ಹೇಳುತ್ತಾಳೆ. ಹೇಳಿ, ಬಾಯಲ್ಲಿ ಏನಿದೆಯೆಂದು ಮುಚ್ಚಿಡದೆ ತಿಳಿಸಿ, ಜರಡಿಯ ಎರಡು ಕಡೆ ಹಿಡಿದು ಕೆಲಸ ಮುಂದುವರಿಸುತ್ತೇವೆ.